ಎದೆಯ ಮೇಲೆ ತಂಗಿ

ನೂರ ಎಂಬತ್ತನೆಯ ಹಾಸುಬಟ್ಟೆಯ ಎರಡು ಮೂಲೆ ನನ್ನ ಕೈಯಲ್ಲಿದ್ದವು, ಇನ್ನೆರಡು ರೇಡಿಯೋ ಕೈಯಲ್ಲಿ. ಕೊಡವಿ, ಎಳೆದು, ಅರ್ಧಕ್ಕೆ ಮಡಚಿ ಅವಳು ನಾಲ್ಕು ಹೆಜ್ಜೆ ನನ್ನ ಕಡೆಗೆ ಬರುವಷ್ಟರಲ್ಲಿ ಸೂಪರ್‌ವೈಸರ್ ಬಂದು ಇಸ್ತ್ರಿ ಮೇಜಿನ ಮೇಲೆ ಒಂದು ಲಕೋಟೆ ಇಟ್ಟರು.

“ಅಕ್ಕ, ನಿಮ್ಮ ಓಟದ ನಂಬರ್ ಬಂತು. ಭಾನುವಾರ ಬೆಳಿಗ್ಗೆ ಐದೂವರೆಗೆ.”

ರೇಡಿಯೋ ಎಂದರೆ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಹತ್ತೊಂಬತ್ತು ವರ್ಷದಿಂದ ನನ್ನ ಜೊತೆಗಿರುವವಳು. ಗುಂಡಿ ತಿರುಗಿಸಿದರೂ ನಿಲ್ಲದ ರೇಡಿಯೋ. ಹಾಸುಬಟ್ಟೆಯನ್ನು ನನ್ನ ಕೈಯಲ್ಲೇ ಬಿಟ್ಟು ಲಕೋಟೆ ಹರಿದಳು. ಒಳಗೆ ಒಂದು ಬಿಳಿ ಚೌಕ, ನಾಲ್ಕು ಪಿನ್ನು. ಚೌಕದ ಮೇಲೆ ೭೩೧೬. ಅದರ ಕೆಳಗೆ, ಬೀದಿಯ ಆಚೆ ಬದಿಗೂ ಕಾಣುವಂಥ ಅಕ್ಷರದಲ್ಲಿ, ‘ತಂಗಿ’.

“ಅಯ್ಯೋ ನನ್ನ ಹೊಟ್ಟೆ!” ರೇಡಿಯೋ ಮೇಜು ಹಿಡಿದುಕೊಂಡು ನಕ್ಕಳು. “ಅರವತ್ಮೂರು ವರ್ಷದ ತಂಗಿ! ಬಾಯಲ್ಲಿ ಹಲ್ಲಿಲ್ಲದ ತಂಗಿ!”

“ಹಲ್ಲಿದೆ ಕಣೇ, ಮೂರು ಬಿಟ್ಟು.”

“ನಿಮ್ಮ ಹೆಸರೆಲ್ಲಕ್ಕ?” ಎಂದರು ಸೂಪರ್‌ವೈಸರ್.

ಎಲ್ಲಿ ಹೋಯಿತೆಂದು ನನಗೆ ಆಗಲೇ ಹೊಳೆದಿತ್ತು. ರಾತ್ರಿ ಶಾಲೆಯ ಮೇಷ್ಟ್ರು ಅರ್ಜಿ ತುಂಬುವುದನ್ನು ಕಲಿಸಲು ನಿಜವಾದ ಅರ್ಜಿಗಳನ್ನೇ ತರುತ್ತಿದ್ದರು. ರೈಲಿನದು, ಬ್ಯಾಂಕಿನದು, ಸಿಕ್ಕಿದ್ದು. ಒಂದು ದಿನ ತಂದದ್ದು ನಗರದ ದೊಡ್ಡ ಓಟದ ಅರ್ಜಿ, ನಲವತ್ತೆರಡು ಕಿಲೋಮೀಟರಿನದು. ತಪ್ಪಾಗದಿರಲೆಂದು ನಾನು ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಬರೆಯುವವಳು. ಅವತ್ತು ಬೆರಳು ಒಂದು ಸಾಲು ಜಾರಿರಬೇಕು. ‘ತುರ್ತಿಗೆ ಯಾರನ್ನು ಕರೆಯಬೇಕು, ನಿಮಗೆ ಏನಾಗಬೇಕು’ ಎಂಬಲ್ಲಿ ಬರೆಯಬೇಕಾದದ್ದು ‘ಎದೆಯ ಮೇಲೆ ಅಚ್ಚಾಗಬೇಕಾದ ಹೆಸರು’ ಎಂಬಲ್ಲಿ ಕೂತುಬಿಟ್ಟಿತ್ತು. ಮೇಷ್ಟ್ರೂ ಮರೆವಿನವರು. ಅಭ್ಯಾಸದ ಕಾಗದಗಳನ್ನು ಅಂಚೆಯ ಕಾಗದಗಳ ಜೊತೆ ಸೇರಿಸಿ ಹಾಕಿಬಿಟ್ಟರು. ನಾಲ್ಕು ತಿಂಗಳ ಹಿಂದೆ ‘ತಾವು ಆಯ್ಕೆಯಾಗಿದ್ದೀರಿ’ ಎಂದು ಕಾರ್ಡು ಬಂದಾಗ ಅವರು ತಲೆ ಕೆರೆದುಕೊಂಡು, “ಬೇಡ ಅಂದ್ರೆ ಬಿಡಿ ಅಕ್ಕ,” ಎಂದಿದ್ದರು.

ನಾನು ಬಿಡಲಿಲ್ಲ. ಬಟ್ಟೆಯ ಗಾಡಿ ತಳ್ಳಿಕೊಂಡು ದಿನವಿಡೀ ನಡೆಯುವ ಕಾಲು ಇವು. ಬೆಳಗಿನ ಪಾಳಿಗೆ ಮುಂಚೆ ಆಸ್ಪತ್ರೆಯ ಸುತ್ತುಗೋಡೆಯನ್ನು ಸುತ್ತತೊಡಗಿದೆ. ಅದಕ್ಕೊಂದು ಕಾರಣವಿತ್ತು, ರೇಡಿಯೋಗೆ ಮಾತ್ರ ಗೊತ್ತಿತ್ತು. ಓಡಿ ಮುಗಿಸಿದರೆ ತಂಗಿಗೆ ಕಾಗದ ಹಾಕುತ್ತೇನೆ ಎಂದು ನನಗೆ ನಾನೇ ಮಾತು ಕೊಟ್ಟುಕೊಂಡಿದ್ದೆ.

“ಇನ್ನೊಂದು ನೆಪ,” ಎಂದಿದ್ದಳು ಅವಳು. “ಎಲ್ಲರೂ ಕೊನೇ ಗೆರೆ ಕಡೆಗೆ ಓಡ್ತಾರೆ. ನೀನು ಅಂಚೆ ಡಬ್ಬದಿಂದ ದೂರ ಓಡ್ತಿದೀಯ.”

ಈ ಕಾಗದದ ಕಥೆ ಹೇಳಿಬಿಡುತ್ತೇನೆ. ಅಮ್ಮ ಹೋದಾಗ ನನಗೆ ಹದಿಮೂರು, ತಂಗಿಗೆ ಎಂಟು. ನಾನು ಒಗೆಯುವ ಕೆಲಸಕ್ಕೆ ಸೇರಿದೆ, ಅವಳು ಶಾಲೆಗೆ ಹೋದಳು. ಓದಿ ಟೀಚರ್ ಆಗಿ ದೂರದ ಊರಿಗೆ ಹೋದಳು. ಅವಳ ಕಾಗದಗಳನ್ನು ನನಗೆ ಓದಿ ಹೇಳುತ್ತಿದ್ದವರು ಪಕ್ಕದ ಮನೆಯ ದರ್ಜಿ. ಅವರ ಗಂಟಲು ದೊಡ್ಡದು. ತಂಗಿಯ ಬಸಿರು ನಿಲ್ಲಲಿಲ್ಲವೆಂಬ ಕಾಗದವನ್ನು ಅವರು ಓದಿದ ದಿನ ಸಂಜೆಯೊಳಗೆ ಇಡೀ ಸಾಲಿಗೆ ಗೊತ್ತಾಗಿ, ಹೆಂಗಸರು ನನ್ನ ಬಾಗಿಲಿಗೆ ಬಂದು ಕಣ್ಣೊರೆಸಿಕೊಂಡರು. ತಂಗಿಗೆ ಅದು ತಿಳಿದು, “ಅಕ್ಕ, ಇನ್ನು ನನ್ನ ಕಾಗದ ಯಾರ ಕೈಯಲ್ಲೂ ಓದಿಸಬೇಡ,” ಎಂದಳು. ಆಯಿತೆಂದೆ.

ಒಂಬತ್ತು ವರ್ಷದ ಹಿಂದೆ ಅವಳಿಂದ ಇನ್ನೊಂದು ಕಾಗದ ಬಂತು. ಕೊಟ್ಟ ಮಾತು ಕೊಟ್ಟದ್ದೇ. ನಾನು ಅದನ್ನು ಒಡೆಯಲಿಲ್ಲ. ಅಕ್ಷರ ಕಲಿತು ನಾನೇ ಓದಿ, ನನ್ನ ಕೈಯಾರೆ ಉತ್ತರ ಬರೆದು ಅವಳನ್ನು ಬೆರಗಾಗಿಸಬೇಕೆಂದು ರಾತ್ರಿ ಶಾಲೆಗೆ ಸೇರಿದೆ. ಮುದಿ ತಲೆಗೆ ಅಕ್ಷರ ಬೇಗ ಹತ್ತುವುದಿಲ್ಲ. ಕಾಗದ ಒಡೆದು ಓದುವ ಹೊತ್ತಿಗೆ ನಾಲ್ಕು ವರ್ಷವಾಗಿತ್ತು.

‘ಅಕ್ಕ, ಮುಂದಿನ ವಾರ ಆಪರೇಷನ್ ಇದೆ. ಹೆದರಿಕೆಯಾಗುತ್ತಿದೆ. ನೀನು ಬಂದು ಹತ್ತು ದಿನ ಇದ್ದರೆ ಸಾಕು. ಕಾಯುತ್ತಿರುತ್ತೇನೆ.’

ಅಟ್ಟ ಮೇಲೆ ಒಲೆ ಉರಿಯಿತು ಅನ್ನುವುದು ಇದಕ್ಕೇ. ಅವಳು ಬದುಕಿದಳು, ಗಂಡನೂ ಇಲ್ಲದ ಮನೆಯಲ್ಲಿ ಒಬ್ಬಳೇ ಮಲಗಿ ಒಬ್ಬಳೇ ಎದ್ದಳು. ಶಾಲೆಗೆ ಫೋನ್ ಮಾಡಿದೆ. ನನ್ನ ದನಿ ಕೇಳಿ ಇಟ್ಟುಬಿಟ್ಟಳು. ‘ನನಗೆ ಅಕ್ಕ ಇಲ್ಲ’ ಅನ್ನುತ್ತಾಳೆ ಎಂದು ಸೋದರಮಾವನ ಮಗ ಬಂದು ಹೇಳಿದ. ಉಳಿದದ್ದು ಕಾಗದವೊಂದೇ. ಐದು ವರ್ಷದಿಂದ ಬರೆಯುತ್ತಿದ್ದೇನೆ. ಅವಳು ಟೀಚರ್, ಕೆಂಪು ಶಾಯಿಯವಳು. ಒಂದು ಒತ್ತಕ್ಷರ ತಪ್ಪಿದರೂ ‘ಇಷ್ಟು ವರ್ಷ ಸುಮ್ಮನಿದ್ದು ಈಗ ಇದನ್ನು ಕಳಿಸಿದಳು’ ಅಂದುಕೊಂಡಾಳೆಂದು ಹರಿದು ಹಾಕುತ್ತಿದ್ದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಕುಂಬಾರನೂ ನಾನೇ, ದೊಣ್ಣೆಯೂ ನಾನೇ.

ಈ ತಿಂಗಳ ಕೊನೆಗೆ ಅವಳು ನಿವೃತ್ತಳಾಗುತ್ತಾಳೆ. ಶಾಲೆಯ ಮನೆ ಬಿಡುತ್ತಾಳೆ. ಆಮೇಲೆ ಎಲ್ಲಿಗೋ, ಮಾವನ ಮಗನಿಗೂ ತಿಳಿಯದು. ಭಾನುವಾರದಿಂದ ತಿಂಗಳ ಕೊನೆಗೆ ಒಂಬತ್ತು ದಿನ.

“ಫೋನ್ ಮಾಡಿ ಹೆಸರು ತಿದ್ದಿಸ್ಲಾ?” ಎಂದರು ಸೂಪರ್‌ವೈಸರ್.

“ಬಿಡಿ. ಬರೆದದ್ದು ನಾನೇ ಅಲ್ವಾ.”

ಭಾನುವಾರ ಕತ್ತಲೆಯಲ್ಲಿ ಹದಿನೆಂಟು ಸಾವಿರ ಜನ ನಿಂತಿದ್ದರು. ಶೌಚಕ್ಕೇ ಮುಕ್ಕಾಲು ಗಂಟೆ ಸಾಲು. ಮೈ ಬಿಸಿಯಾಗುತ್ತಲೇ ಜನ ಸ್ವೆಟರು ಕಳಚಿ ಬೇಲಿಯಾಚೆ ಎಸೆಯುತ್ತಿದ್ದರು. ಎಂಥಾ ಉಣ್ಣೆ, ತಣ್ಣೀರಲ್ಲಿ ಒಗೆಯಬೇಕಾದದ್ದು ಎಂದು ನನ್ನ ಕಣ್ಣು ಅವುಗಳ ಮೇಲೆಯೇ. ನನ್ನ ಕಾಲಲ್ಲಿ ನರ್ಸೊಬ್ಬಳು ಕೊಟ್ಟ ಹಳೆಯ ಬೂಟು. ಪಕ್ಕದಲ್ಲಿ ಒಬ್ಬ ಗಟ್ಟಿಮುಟ್ಟು ಗಂಡಸು ತೊಡೆಗೆ ಮುಲಾಮು ಉಜ್ಜಿಕೊಳ್ಳುತ್ತಿದ್ದ.

“ನಾನು ಬಸ್ ಡ್ರೈವರ್. ಇದೇ ದಾರೀಲಿ ದಿನಾ ಆರು ಟ್ರಿಪ್ಪು,” ಎಂದ. “ಕಣ್ಮುಚ್ಚಿ ಓಡ್ತೀನಿ.”

“ಬಸ್ಸನ್ನೂ ಹಾಗೇ ಓಡಿಸ್ತೀಯೇನಪ್ಪ?”

ಮೊದಲ ಹತ್ತು ಕಿಲೋಮೀಟರ್ ಏನೂ ಅನ್ನಿಸಲಿಲ್ಲ. ನಾನು ಓಡುವುದೆಂದರೆ ನೂರು ಹೆಜ್ಜೆ ಕುಂಟೋಟ, ನೂರು ಹೆಜ್ಜೆ ನಡಿಗೆ. ಬೆಳಕಾದ ಮೇಲೆ ಬೀದಿಯ ಎರಡೂ ಬದಿ ಜನ ಸೇರಿದರು. ಎದೆಯ ಮೇಲಿನ ಹೆಸರು ಓದಿ ಕೂಗುವುದು ಅವರ ರೂಢಿಯಂತೆ, ನನಗೆ ಗೊತ್ತಿರಲಿಲ್ಲ. “ತಂಗೀ! ಬಿಡಬೇಡ, ಓಡು!” ಎಂದು ಯಾರೋ ಕೂಗಿದಾಗ ಯಾರಪ್ಪಾ ಆ ತಂಗಿ ಎಂದು ಹಿಂದೆ ತಿರುಗಿ ನೋಡಿದೆ. ಹಿಂದಿದ್ದವನಿಗೆ ಗಡ್ಡವಿತ್ತು.

ಆಮೇಲೆ ದಾರಿಯುದ್ದಕ್ಕೂ ಅದೇ. “ಭಲೇ ತಂಗೀ!” “ತಂಗೀ, ನೀರು ಕುಡಿ!” ಒಂದು ಹುಡುಗಿ ಅಮ್ಮನ ಕೈ ಜಗ್ಗಿ, “ಆ ಅಜ್ಜಿ ಯಾರಿಗೆ ತಂಗಿ?” ಎಂದಳು. ಬಾಗಿಲಲ್ಲಿ ಕುರ್ಚಿ ಹಾಕಿಕೊಂಡಿದ್ದ ತೊಂಬತ್ತರ ಮುದುಕರೊಬ್ಬರು ಮಾತ್ರ ಸರಿಯಾದ ಹಕ್ಕಿನಿಂದ, “ನಿಧಾನ ತಂಗಿ, ನಿಧಾನ,” ಎಂದರು. ಹದಿಮೂರಕ್ಕೆ ಅಕ್ಕನಾದವಳು ನಾನು. ಆಮೇಲೆ ಒಗೆಯುವ ವಿಭಾಗಕ್ಕೆಲ್ಲ ಅಕ್ಕ, ಮೇಷ್ಟ್ರಿಗೂ ಅಕ್ಕ. ನನ್ನನ್ನು ಹೀಗೆ ಯಾರೂ ಕರೆದಿರಲಿಲ್ಲ. ಯಾರಾದರೂ ನೋಡಿಕೊಳ್ಳುತ್ತಾರೆ ಎಂಬಂಥ ಮಾತು ಅದು.

ಇಪ್ಪತ್ತೈದು ದಾಟಿದ ಮೇಲೆ ಎಡಗಾಲಿನ ಬೊಬ್ಬೆ ಒಡೆಯಿತು. ಓಟಗಾರರು ಕುಡಿದೆಸೆದ ಕಾಗದದ ಲೋಟಗಳು ಬೂಟಿಗೆ ಅಂಟುತ್ತಿದ್ದವು. ಒಬ್ಬ ಹುಡುಗ ದೀಪದ ಕಂಬ ತಬ್ಬಿ ನಿಂತಿದ್ದ, ದೊಡ್ಡ ಕಚೇರಿಯಲ್ಲಿ ಕೂರುವಂಥ ಹೆಂಗಸೊಬ್ಬಳು ನಡೆಯುತ್ತಲೇ ಅಳುತ್ತಿದ್ದಳು, ಯಾಕೆಂದು ಯಾರೂ ಕೇಳಲಿಲ್ಲ, ಕೇಳುವ ಉಸಿರು ಯಾರಲ್ಲೂ ಇರಲಿಲ್ಲ. ಮೂವತ್ತೊಂದರಲ್ಲಿ ಡ್ರೈವರ್ ಸಿಕ್ಕಿದ. ತನ್ನದೇ ಬಸ್ ನಿಲ್ದಾಣದ ಬೆಂಚಿನಲ್ಲಿ ಕಾಲು ಚಾಚಿ ಕೂತಿದ್ದ.

“ಬಸ್ಸಿಗೆ ಕಾಯ್ತಿದೀಯಾ?”

“ಇಷ್ಟುದ್ದ ಇದೆ ಅಂತ ಗೊತ್ತೇ ಇರ್ಲಿಲ್ಲ ಅಜ್ಜಿ,” ಎಂದ. “ಇನ್ಮೇಲೆ ಯಾರಾದ್ರೂ ಓಡಿ ಬಂದ್ರೆ ಬಸ್ ನಿಲ್ಲಿಸ್ತೀನಿ. ಆಣೆ.”

ಮೂವತ್ತಾರಕ್ಕೆ ಜನ ಚದುರಿದ್ದರು. ಬಿಸಿಲು ನೆತ್ತಿಗೆ ಬಂದಿತ್ತು. ಕೂರಬಾರದೆಂದು ಎಲ್ಲರೂ ಹೇಳಿದ್ದರು, ಕೂತರೆ ಏಳಲಾಗದಂತೆ. ಕೂತೆ. ಮರದ ನೆರಳಲ್ಲಿದ್ದ ಕಾಲುದಾರಿಯ ಅಂಚಿನ ಕಲ್ಲು ತಣ್ಣಗಿತ್ತು. ಹಿಂದುಳಿದವರನ್ನು ಹತ್ತಿಸಿಕೊಳ್ಳುವ ವ್ಯಾನು ಮೆಲ್ಲಗೆ ಬಂದು ಪಕ್ಕದಲ್ಲಿ ನಿಂತಿತು. ಹಸಿರು ಅಂಗಿಯ ಯುವತಿ ಇಳಿದಳು.

“ಸಾಕು ಅಜ್ಜಿ, ಹತ್ತಿ. ಒಳಗೆ ಸೀಟಿದೆ.”

ಸೀಟು ಕಾಣುತ್ತಿತ್ತು. ಹತ್ತಿದರೆ ಕಾಗದ ಹಾಕಬೇಕಿಲ್ಲ. ಆ ವಿಚಾರ ಎಷ್ಟು ಸುಖವಾಗಿ ಬಂತೆಂದರೆ ನನಗೇ ಹೇಸಿಗೆಯಾಯಿತು.

“ಯಾರಿಗಾದ್ರೂ ಫೋನ್ ಮಾಡ್ಲಾ?” ಅವಳು ಬಗ್ಗಿ ನನ್ನ ಎದೆಯ ಚೌಕವನ್ನು ಮಗುಚಿದಳು. ತುರ್ತಿನ ವಿಳಾಸ ಹಿಂದೆ ಇತ್ತು. “ಈ ಶಾಲೆಯ ಮನೆ... ಇವ್ರು ಬರ್ತಾರಾ?”

“ತುಂಬ ದೂರ. ಬರಲ್ಲ.”

“ಹಾಗಾದ್ರೆ ಯಾಕೆ ಬರೆದ್ರಿ?”

ಕಲ್ಲಿನ ತಂಪು ಬೆನ್ನಿಗೇರುತ್ತಿತ್ತು. ತಂಗಿಯೂ ಹೀಗೇ ಮಂಚದ ಅಂಚಿನಲ್ಲಿ ಬಾಗಿಲ ಕಡೆ ಮುಖ ಮಾಡಿ ಕೂತಿರಬೇಕು. ಆಪರೇಷನ್ ದಿನದವರೆಗೆ ಏಳು ದಿನ.

ಎದುರು ಮನೆಯ ಮೆಟ್ಟಿಲು ತೊಳೆಯುತ್ತಿದ್ದ ಹೆಂಗಸು ಪೊರಕೆ ಎತ್ತಿ ಹಿಡಿದು ಕೂಗಿದಳು. “ಏನೇ ತಂಗೀ, ಇಲ್ಲೇ ಮನೆ ಕಟ್ತೀಯಾ? ಏಳೇ!”

ಅಕ್ಷರ ತಪ್ಪಿದೆಯೇ, ಸಾಲು ತಪ್ಪಿದೆಯೇ ಎಂದು ಬೆಳಗಿನಿಂದ ಯಾರೊಬ್ಬರೂ ಕೇಳಿರಲಿಲ್ಲ. ಬರೆದದ್ದನ್ನು ಓದಿ ಕೂಗಿದ್ದರು, ಅಷ್ಟೆ.

“ಕೈ ಕೊಡಮ್ಮ,” ಎಂದೆ. ಹಸಿರು ಅಂಗಿಯವಳು ಎಬ್ಬಿಸಿದಳು. “ನೀವು ಮುಂದೆ ಹೋಗಿ. ನಾನು ನಡ್ಕೊಂಡು ಬರ್ತೀನಿ.”

ಉಳಿದ ಆರು ಕಿಲೋಮೀಟರಿನ ಬಗ್ಗೆ ಬರೆಯಲು ಏನೂ ಇಲ್ಲ. ನಡೆದೆ. ಬೇಲಿ ಕಿತ್ತು ಲಾರಿಗೆ ಹೇರುತ್ತಿದ್ದರು. ವಾಹನಗಳನ್ನು ಬಿಟ್ಟಿದ್ದರು, ನಾನು ಕಾಲುದಾರಿಗೆ ಹತ್ತಿದೆ. ಮುಕ್ತಾಯದ ಕಮಾನಿನ ಗಾಳಿ ತೆಗೆದು ಇಬ್ಬರು ಅದನ್ನು ಮಡಚುತ್ತಿದ್ದರು. ಮೂಲೆಗೆ ಮೂಲೆ ಕೂಡಿಸದೆ ಮಡಚುತ್ತಿದ್ದರು, ಹಾಗೆ ಮಡಚಿದರೆ ಸುಕ್ಕು ನಿಲ್ಲುತ್ತದೆ. ಗಡಿಯಾರದ ದೀಪ ಆರಿಹೋಗಿತ್ತು.

“ಟೈಮ್ ಮುಗಿದು ಒಂದು ಗಂಟೆಯಾಯ್ತಜ್ಜಿ,” ಎಂದ ಒಬ್ಬ. “ಪದಕಾನೂ ಪ್ಯಾಕ್ ಮಾಡಿಬಿಟ್ವಿ.”

“ಟೈಮ್ ಮುಗಿದ್ರೇನಪ್ಪ, ಗೆರೆ ಇದೆಯಲ್ಲ.”

ರಸ್ತೆಯ ಮೇಲೆ ಬಳಿದ ಬಿಳಿ ಗೆರೆ ಇನ್ನೂ ಇತ್ತು. ಅವರು ಕಮಾನನ್ನು ಸ್ವಲ್ಪ ಆಚೆ ಎಳೆದು ದಾರಿ ಬಿಟ್ಟರು. ದಾಟಿದೆ.

ಸೋಮವಾರ ಕಾಲು ಬಗ್ಗದೆ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿದು ಕೆಲಸಕ್ಕೆ ಹೋದೆ. ಮಧ್ಯಾಹ್ನದ ಬಿಡುವಿನಲ್ಲಿ ಇಸ್ತ್ರಿ ಮೇಜಿನ ಮೇಲೆ ಕಾಗದ ಬರೆದೆ. ಹೆಚ್ಚು ಬರೆಯಲು ಕೈಯಲ್ಲಿ ಕಸುವಿರಲಿಲ್ಲ.

‘ನಿನ್ನ ಕಾಗದ ನಾನೇ ಓದಬೇಕೆಂದು ನಾಲ್ಕು ವರ್ಷ ಒಡೆಯದೆ ಇಟ್ಟೆ. ಬೇರೆ ಯಾರಿಗೂ ತೋರಿಸಲಿಲ್ಲ. ನೀನು ಆಸ್ಪತೆಯಲ್ಲಿ ಕಾದದ್ದು ನನಗೆ ಗೊತ್ತಿರಲಿಲ್ಲ. ಈಗ ಓದಲು ಬರುತ್ತದೆ. ಬಾ ಅಂದರೆ ಬರುತ್ತೇನೆ. ಬೇಡ ಅಂದರೂ ಬರೆಯುತ್ತಿರುತ್ತೇನೆ.’

ರೇಡಿಯೋ ಹೆಗಲ ಮೇಲಿಂದ ಇಣುಕಿದಳು. “ಆಸ್ಪತ್ರೆಗೆ ರಾವೊತ್ತು ಬಿಟ್ಟೆ ನೋಡು. ನಲವತ್ತು ವರ್ಷ ಇಲ್ಲೇ ದುಡಿದು!”

ಮೇಜಿನ ಮೇಲಿದ್ದ ಹಾಸುಬಟ್ಟೆಯ ಮೂಲೆಯನ್ನು ತಿರುಗಿಸಿ ತೋರಿಸಿದೆ. ನಾನು ಆ ಪದ ಕಲಿತದ್ದು ಅಲ್ಲಿಂದಲೇ. ನೀಲಿ ಮುದ್ರೆಯಲ್ಲಿ ಒತ್ತಕ್ಷರ ಯಾವಾಗಲೋ ತೊಳೆದುಹೋಗಿತ್ತು, ನಮ್ಮದೇ ಕೈಯಲ್ಲಿ. ರೇಡಿಯೋ ಆ ಮೂಲೆಯನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದಳು.

“ತಿದ್ದಲ್ವಾ?” ಎಂದಳು ಆಮೇಲೆ.

“ತಿದ್ದೋದು ಅವಳ ಕೆಲಸ. ಮಾಡ್ಲಿ.”

ಎದೆಯ ಚೌಕವನ್ನು ಮೂಲೆಗೆ ಮೂಲೆ ಕೂಡಿಸಿ ನಾಲ್ಕು ಮಡಿಕೆ ಮಾಡಿ ಕಾಗದದ ಜೊತೆ ಇಟ್ಟೆ. ಬೆವರಿನ ಕಲೆಯನ್ನು ತೊಳೆಯಲಿಲ್ಲ.

ಅಂಚೆ ಕಚೇರಿಯಲ್ಲಿ ಗುಮಾಸ್ತರು ಲಕೋಟೆ ತೂಗಿ, ರಿಜಿಸ್ಟರ್ ಅಂಚೆಯ ಚೀಟಿ ಕೊಟ್ಟರು. ನಾನು ಸಾಲಿನ ಕೆಳಗೆ ಬೆರಳಿಟ್ಟುಕೊಂಡು ತುಂಬಿ ಕೊಟ್ಟೆ. ಅವರು ಕನ್ನಡಕ ಮೂಗಿನ ತುದಿಗೆ ಇಳಿಸಿದರು.

“ಕಳಿಸುವವರ ಹೆಸರು ಅಂತಿದೆ ಇಲ್ಲಿ. ನೀವು ಸಂಬಂಧ ಬರೆದಿದ್ದೀರಿ. ‘ಅಕ್ಕ’ ಅಂದ್ರೆ ಯಾರು ಅಂತ ಹೇಗೆ ಗೊತ್ತಾಗ್ಬೇಕು?”

“ಅವಳಿಗೆ ಗೊತ್ತಾಗುತ್ತೆ.”

ಅವರು ನನ್ನನ್ನು ನೋಡಿದರು, ಹಿಂದಿನ ಸಾಲನ್ನು ನೋಡಿದರು. ಆಮೇಲೆ ಮುದ್ರೆಯೊತ್ತಿ ಲಕೋಟೆಯನ್ನು ಹಿಂದಿದ್ದ ಚೀಲಕ್ಕೆ ಹಾಕಿದರು.