ಉಳಿದ ಕಣ್ಣಿಗೆ ಹನಿ

ಬಿಳಿಕೆರೆಯಲ್ಲಿ ಸೌತೆಕಾಯಿಯವಳು ಬಸ್ಸಿನ ಬಲಗಡೆ ಕಿಟಕಿಗೆ ಬುಟ್ಟಿ ಎತ್ತಿದ್ದು ಅವ್ವನಿಗೆ ಕಾಣಲೇ ಇಲ್ಲ, ಕೂಗಿಗೆ ಕತ್ತು ತಿರುಗಿಸಿದಳು, ಪೂರ್ತಿ ಕತ್ತು, ಇನ್ನು ಮೇಲೆ ಹೀಗೇ— ಶಾಂತಲಾ ಮುಖ ಆಚೆ ಮಾಡಿದಳು, ಮೈಸೂರಿನ ಆಸ್ಪತ್ರೆಯಲ್ಲಿ ಅವ್ವನ ಬಲಗಣ್ಣು ತೆಗೆದು ಎಂಟು ದಿನ, ಈಗ ಊರಿಗೆ ವಾಪಸು, ಬೆಟ್ಟದಪುರದಲ್ಲಿ ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನ ಮುಂದೆ ಸೊಪ್ಪು ಕಟ್ಟುವಾಗ ಚುಚ್ಚಿದ ಕಡ್ಡಿಯಿಂದಲೇ ಹೋಯಿತೆಂದು ಅವ್ವ ನಂಬಿದ್ದಾಳೆ, ಪಾಪ, ಕಡ್ಡಿ ಗೀರಿ ಒಂದಿಷ್ಟು ಬೂಷ್ಟು ಬಿಟ್ಟು ಹೋಯಿತು ಅಷ್ಟೇ, ಮೈಸೂರಿನ ಲ್ಯಾಬಿನಲ್ಲಿ ಶಾಂತಲಾ ಎರಡು ವರ್ಷದಿಂದ ತಟ್ಟೆಯಲ್ಲಿ ಸಾಕುತ್ತಿರುವಂಥದೇ ಬೂಷ್ಟು, ಜೀನು ಅವೇ ಇರ್ತವಮ್ಮ, ಯಾವುದು ಬಿಚ್ಚಿಕೊಂಡಿದೆ ಯಾವುದು ಸುತ್ತಿಕೊಂಡಿದೆ ಅನ್ನೋದು ಬದಲಾಗುತ್ತೆ ಎನ್ನುತ್ತಿದ್ದರು ಲ್ಯಾಬಿನ ನೀಲಕಂಠಸ್ವಾಮಿ ಮೇಷ್ಟ್ರು, ಮಣ್ಣಲ್ಲಿ ಕಸಕಡ್ಡಿ ತಿಂದುಕೊಂಡು ಸಾಧುವಾಗಿರುತ್ತೆ, ಮೈಯೊಳಗೆ ಹೊಕ್ಕರೆ ಮಡಿಸಿಟ್ಟಿದ್ದನ್ನೆಲ್ಲ ಬಿಚ್ಚುತ್ತೆ— ಎಲ್ಲ ಬರೆದುಕೊಂಡಿದ್ದಳು, ಅಚ್ಚುಕಟ್ಟಾಗಿ, ಓದು ಒಕ್ಕಾಲು ಬುದ್ಧಿ ಮುಕ್ಕಾಲು ಅಂತಾರೆ, ಗೌರಿ ಹಬ್ಬಕ್ಕೆ ಊರಿಗೆ ಹೋದಾಗ ಆ ಮುಕ್ಕಾಲು ಎಲ್ಲಿತ್ತೋ, ಅವ್ವನ ಕಣ್ಣು ಕೆಂಪಗಿತ್ತು, ಬಾಣಂತಿ ಎದೆಹಾಲು ಬುಡ್ಸವ್ವ ಕಣ್ಗೆ ಎಂದಳು ತಿಮ್ಮಮ್ಮತ್ತೆ, ಯಾವ ಕಾಲ್ದಲ್ಲಿದ್ದೀಯತ್ತೆ ಎಂದು ನಕ್ಕು ಬ್ಯಾಗಿನಿಂದ ತನ್ನದೇ ಕಣ್ಣಿನ ಹನಿಯ ಸೀಸೆ ತೆಗೆದಳು, ತನಗೆ ಮದ್ರಾಸ್ ಐ ಬಂದಾಗ ಡಾಕ್ಟರು ಬರೆದುಕೊಟ್ಟಿದ್ದು, ಎರಡೇ ದಿನಕ್ಕೆ ಕೆಂಪು ಇಳಿಸಿದ್ದು, ತಲೆ ಹಿಂದಕ್ಕಾಕವ್ವ, ರೆಪ್ಪೆ ಎಳ್ಕೊ, ಹಾಂ— ಅವ್ವನ ಕೆಂಪೂ ಇಳಿಯಿತು, ನೋಡಿದ್ಯಾ ಅತ್ತೆ ಎಂದು ಬೀಗಿದ್ದೂ ಆಯಿತು, ಕೆಂಪು ಅಂದರೆ ಕಣ್ಣು ಕಾದಾಡುತ್ತಿದೆ ಅಂತಲ್ಲವೇನೆ ದಡ್ಡಿ, ಆ ಹನಿಯಲ್ಲಿ ಸ್ಟೀರಾಯ್ಡ್ ಇತ್ತು, ಕಾವಲು ನಾಯಿಯನ್ನು ಮಲಗಿಸಿ ಕಳ್ಳನಿಗೆ ಬಾಗಿಲು ತೆಗೆದೆ, ಹದಿನೈದು ದಿನ, ಮೂರು ಹೊತ್ತು, ಫಂಗಸ್ ಕಣ್ರೀ ಇದು, ಸ್ಟೀರಾಯ್ಡ್ ಯಾರು ಹಾಕಿದ್ದು ಎಂದು ಆಸ್ಪತ್ರೆಯ ಡಾಕ್ಟರು ಕೇಳಿದಾಗ ಮೆಡಿಕಲ್ ಶಾಪಿನವನು ಕೊಟ್ಟ ಎಂದುಬಿಟ್ಟಳು, ಸುಳ್ಳು ಎಷ್ಟು ಸಲೀಸಾಗಿ ಬಂತು, ಹುಣಸೂರು ಬರುವುದರೊಳಗೆ ಹೇಳಿಬಿಡಬೇಕು, ಅವ್ವ, ನಿನ್ನ ಕಣ್ಣು ಕಳೆದದ್ದು ನಾನು, ಇಷ್ಟೇ ಮಾತು—

ಅಯ್ಯೋ ಚಿಕ್ಕಬೀರಮ್ಮ, ಕಣ್ಗೇನವ್ವ ಆಯ್ತು, ಬಸ್ಸು ಹತ್ತಿದ ಊರಿನ ಪುಟ್ಟತಾಯಮ್ಮ ಮುಂದಿನ ಸೀಟಿನಿಂದ ತಿರುಗಿದಳು, ಕಡ್ಡಿ ಚುಚ್ತು ಕಣಕ್ಕ ಎಂದಳು ಅವ್ವ, ನನ್ ಮಗ್ಳು ಮೂರೊತ್ತೂ ತಪ್ದಂಗೆ ಔಸ್ದಿ ಬುಟ್ಲು, ನನ್ ಅಣೇಲಿ ಬರ್ದಿರ್ನಿಲ್ಲ ಬುಡು, ಈ ಕಣ್ಗೂ ಹನಿ ಕೊಟ್ಟವ್ರೆ, ನರ್ಸಮ್ಮ ಬುಡ್ತೀನಿ ಅಂದ್ರು, ಬ್ಯಾಡ ನನ್ ಮಗ್ಳೇ ಬುಡ್ಲಿ ಅಂದೆ, ಓದಿರೋ ಕೈ— ಹೇಳು, ಈಗ ಹೇಳು, ಆಸ್ಪತ್ರೆಯ ಸೀಸೆಯ ಮುಚ್ಚಳ ಶಾಂತಲಾ ಯಾವಾಗ ತಿರುಗಿಸಿದಳೋ, ಒತ್ತಾಯ್ತು ಕಣವ್ವ, ಬುಡು, ಎಂದು ಅವ್ವ ತಲೆ ಹಿಂದಕ್ಕಿಟ್ಟು ತಾನೇ ರೆಪ್ಪೆ ಎಳೆದುಕೊಂಡಳು, ಬಸ್ಸು ಕುಲುಕುತ್ತಿದೆ, ಹನಿ ಸೀಸೆಯ ತುದಿಗೆ ಬಂದು ನಿಂತಿದೆ, ಕೆಳಗೆ ಅವ್ವನ ಕಣ್ಣು, ಮಿಟುಕಿಸದೆ, ತೆರೆದೇ ಇದೆ, ತೆರೆದೇ