ಕರಿ ಎಲೆಗೆ ಮದ್ದು

ಮನೆಯ ಮುಂದಿನ ಜಾಗ ಒಂದು ಮಂಚ ಹಾಕಿದರೆ ತುಂಬಿಹೋಗುವಷ್ಟು. ಗೇಟಿನಿಂದ ಬಾಗಿಲವರೆಗೆ ಸಿಮೆಂಟಿನ ಹಾದಿ, ಅದರ ಎಡಕ್ಕೆ ಗೋಡೆಯುದ್ದಕ್ಕೂ ಒಂದಿಷ್ಟು ಮಣ್ಣು. ಆ ಮಣ್ಣಿನ ನಡುವೆ ಸೊಂಟದೆತ್ತರದ ಒಂದು ಗಿಡ. ಅದರ ಎಲೆ ಹಸಿರಲ್ಲ, ಮಾಗಿದ ನೇರಳೆ ಹಣ್ಣಿನ ಸಿಪ್ಪೆಯ ಬಣ್ಣ. ಬಿಸಿಲು ಹಿಂದಿನಿಂದ ಬಿದ್ದಾಗ ಮಾತ್ರ ಆ ಕಪ್ಪಿನೊಳಗೆ ಕೆಂಪಿದೆ ಎಂದು ತಿಳಿಯುತ್ತಿತ್ತು.

ಅದನ್ನು ತಂದವನು ಆ ಮನೆಯ ಯಜಮಾನ, ವ್ಯಾನಿನ ಡ್ರೈವರು. ಅಂಗಡಿಗಳಿಗೆ ಸಾಮಾನು ಇಳಿಸಿ ಬರುವಾಗ ಹೆದ್ದಾರಿ ಬದಿಯ ನರ್ಸರಿಯಲ್ಲಿ ಕಂಡು, ಪಕ್ಕದ ಸೀಟಿನಲ್ಲಿ ಕೂರಿಸಿ, ಅದಕ್ಕೂ ಬೆಲ್ಟು ಹಾಕಿ ತಂದಿದ್ದ. ನೆಡುವಾಗ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಬುಡ ತೋರಿಸಿದ್ದ.

"ಇಲ್ನೋಡು, ಈ ಗಂಟು. ಕಸಿ ಕಟ್ಟಿರೋದು. ಗಂಟಿನ ಮೇಲಿಂದು ನಮ್ಮ ಗಿಡ, ಕೆಳಗಿಂದು ಯಾವುದೋ ಕಾಡುಗಿಡ. ಕೆಳಗಿನಿಂದ ಹಸಿರು ಚಿಗುರು ಬಂದ್ರೆ ಕಿತ್ತಾಕ್ಬೇಕು. ಬಿಟ್ರೆ ಹೊಟ್ಟೆಬಾಕ ತಮ್ಮ ಅಣ್ಣನ ತಟ್ಟೇನೂ ಬಳ್ಕೊಂಡ ಹಾಗೆ."

"ಹೂ ಯಾವಾಗ?"

"ಮುಂದಿನ ವರ್ಷ. ಕರಿ ಎಲೆ ಮೇಲೆ ತಿಳಿಗುಲಾಬಿ ಹೂ. ಆಮೇಲೆ ಮಾತಾಡು."

ಆ ಚಳಿಗಾಲ ಮುಗಿಯುವ ಮುನ್ನವೇ ಅವನು ಹೋಗಿಬಿಟ್ಟ. ಸಿಗ್ನಲ್ಲಿನಲ್ಲಿ ವ್ಯಾನು ನಿಂತಿತ್ತಂತೆ. ಹಸಿರು ದೀಪ ಬಂದರೂ ಹೊರಡಲಿಲ್ಲವಂತೆ. ಹಿಂದಿನವರು ಹಾರ್ನು ಹೊಡೆದರಂತೆ. ಇಷ್ಟನ್ನೂ ಹೆಂಡತಿ ಬೇರೆಯವರ ಬಾಯಿಂದ ಕೇಳಿದಳು. ಯಾರದೋ ಮನೆಯ ಸುದ್ದಿ ಕೇಳಿದಂತೆ ತಲೆಯಾಡಿಸಿದಳು. ಅಂದಿನಿಂದ ಅವಳು ತಲೆಯಾಡಿಸುತ್ತಲೇ ಇದ್ದಳು.

ಅಂದು ಹಳ್ಳಿಯಿಂದ ಬಂದ ಅತ್ತೆ ಹಿಂತಿರುಗಲಿಲ್ಲ. ಹೊಲ ಹಿರಿಮಗ ನೋಡಿಕೊಳ್ಳುತ್ತಾನೆ, ಇವಳನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಉಳಿದಳು. ಸುಮ್ಮನೆ ಕೂರುವುದು ಆಕೆಗೆ ಬಾರದು. ಕೂತು ತಿನ್ನುವವರಿಗೆ ಕುಡಿಕೆ ಹೊನ್ನು ಸಾಲದು ಎನ್ನುತ್ತ ಪಾತ್ರೆಗಳ ತಳ ತಿಕ್ಕಿದಳು, ಕಿಟಕಿಯ ಸಂದಿಯ ಧೂಳು ತೆಗೆದಳು, ಅಡುಗೆಮನೆಯ ಡಬ್ಬಿಗಳನ್ನೆಲ್ಲ ಇಳಿಸಿ ತೊಳೆದಿಟ್ಟಳು. ಒಳಗಿನ ಕೆಲಸ ಮುಗಿದ ಮೇಲೆ ಹೊರಗೆ ಬಂದು ಗಿಡದ ಮುಂದೆ ಕುಕ್ಕರುಗಾಲಲ್ಲಿ ಕೂತಳು.

"ಅಯ್ಯೋ, ಇದಕ್ಕೇನೇ ಬಡಿದಿದೆ? ಎಲೆಯೆಲ್ಲ ಕರಿಕಟ್ಟಿದೆ!"

ಸೊಸೆ ಕೆಲಸಕ್ಕೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದಳು. "ಅದು..." ಎಂದಳು.

"ನೀನು ನಡಿ, ಹೊತ್ತಾಯ್ತು. ನಾನು ನೋಡ್ಕೋತೀನಿ."

ಆಕೆ ನಲವತ್ತು ವರ್ಷ ಬೇಸಾಯ ಮಾಡಿದವಳು. ಜೋಳದ ಎಳೆಪೈರಿನ ಎಲೆ ನೇರಳೆಗೆ ತಿರುಗಿದರೆ ಬೇರಿಗೆ ಊಟ ಸಾಲದು ಎಂದು ಅರ್ಥ. ಗೊಬ್ಬರ ಕೊಟ್ಟು ಮಣ್ಣೇರಿಸಿದರೆ ಪೈರು ಹಸಿರಾಗಿ ಎದ್ದು ನಿಲ್ಲುತ್ತದೆ. ಇದನ್ನು ಆಕೆ ಯಾರಿಂದಲೂ ಕೇಳಿ ತಿಳಿದದ್ದಲ್ಲ, ಕೈಯಾರೆ ಮಾಡಿ ಕಂಡದ್ದು. ಬೆಳೆಯಲ್ಲಿ ಕಪ್ಪು ಎಂದರೆ ರೋಗ. ಬೇಕೆಂದೇ ಕಪ್ಪಾಗಿರುವ ಎಲೆಯನ್ನು ಆಕೆಯ ಹೊಲ ಒಮ್ಮೆಯೂ ತೋರಿಸಿರಲಿಲ್ಲ.

ಆಕೆ ಬೂದಿ ತಂದು ಹಾಕಿದಳು. ಗೊಬ್ಬರ ತಂದು ಸುರಿದಳು. ಬುಡದ ಗಂಟು ನೋಡಿ, ಹುಳ ಕೊರೆದು ಊದಿಕೊಂಡಿದೆ ಎಂದುಕೊಂಡು ಅದು ಮುಚ್ಚುವವರೆಗೆ ಮಣ್ಣೇರಿಸಿ ಅಂಗೈಯಲ್ಲಿ ತಟ್ಟಿದಳು. ದಿನಾ ಬೆಳಿಗ್ಗೆ ತೀರ ಕಪ್ಪಾದ ಎಲೆಗಳನ್ನು ಆರಿಸಿ ಕಿತ್ತು ಗೇಟಿನಾಚೆ ಎಸೆದಳು.

ಎದುರುಮನೆಯಾಕೆಗೆ ಬೀದಿಯವರು ಇಟ್ಟ ಹೆಸರು ರೇಡಿಯೋ. ಆಕೆ ತನ್ನ ಗೇಟಿನ ಮೇಲೆ ಮೊಣಕೈ ಊರಿ ಕೇಳಿದಳು: "ಏನ್ ದೊಡ್ಡಮ್ಮ, ಗಿಡಕ್ಕೆ ತಲೆ ಬಾಚ್ತಾ ಇದೀರಾ?"

"ಹೇನು ಹೆಕ್ತಾ ಇದೀನಿ. ನಿನ್ನ ತಲೇದೂ ಇದ್ರೆ ಹೇಳು, ಒಟ್ಟಿಗೇ ಮುಗಿಸ್ತೀನಿ."

"ಕರ್ರಗಿದ್ರೂ ಚೆನ್ನಾಗಿತ್ತಪ್ಪ ಅದು."

"ಚೆನ್ನಾಗಿತ್ತಂತೆ! ಸುಟ್ಟ ರೊಟ್ಟೀನ ಚೆನ್ನಾಗಿದೆ ಅಂತ ತಿಂತೀಯಾ?"

ಸೊಸೆ ಒಳಗಿನಿಂದ ಎಲ್ಲವನ್ನೂ ಕೇಳಿಸಿಕೊಂಡಳು. ಹೇಳಬೇಕು ಎನಿಸಿತು. ಎನಿಸಿದ ಮಾತು ಬಾಯಿಗೆ ಬರುವ ದಾರಿ ಈಚೆಗೆ ಬಹಳ ಉದ್ದವಾಗಿತ್ತು. ಅದು ಮಧ್ಯದಲ್ಲೇ ಎಲ್ಲೋ ಕೂತುಬಿಟ್ಟಿತು.

ಅವಳ ಕೆಲಸ ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ. ಗಾಜಿನ ಅಂಚನ್ನು ಕಲ್ಲಿಗೆ ಹಿಡಿದು, ಚೌಕಟ್ಟಿನ ಅಳತೆಗೆ ಅರೆದು, ತೊಳೆದು, ಕೂರಿಸಿ, ಸ್ಕ್ರೂ ಬಿಗಿಯುವುದು. ಅರೆಯುವ ಕಲ್ಲಿನ ಮೇಲೆ ನೀರು ತೊಟ್ಟಿಕ್ಕುತ್ತಲೇ ಇರುತ್ತದೆ. ಕೈ ತಂತಾನೆ ನಡೆಯುತ್ತಿತ್ತು, ಅವಳು ಅದನ್ನು ನೋಡುತ್ತ ಕೂತಿರುತ್ತಿದ್ದಳು. ಒಂದು ದಿನ ಮಾಲೀಕ ಒಂದು ಕನ್ನಡಕ ಹಿಡಿದು ಒಳಗೆ ಬಂದ.

"ತಾಯಿ, ಎಡಗಣ್ಣಿಂದು ಬಲಕ್ಕೆ ಕೂರಿಸಿದೀಯ. ಆ ಮೇಷ್ಟ್ರು ಹಾಕ್ಕೊಂಡು ಹೊರಗೆ ಹೋಗಿ, ಕಂಬಕ್ಕೆ ನಮಸ್ಕಾರ ಮಾಡಿ ಬಂದ್ರು."

ಪಕ್ಕದ ಟೇಬಲ್ಲಿನವಳು ನಕ್ಕಳು. ಇವಳು ಕನ್ನಡಕ ತೆಗೆದುಕೊಂಡು ಸ್ಕ್ರೂ ಬಿಚ್ಚಿದಳು. ನಾಚಿಕೆಯಾಗಬೇಕಿತ್ತು. ಆಗುತ್ತದೇನೋ ಎಂದು ಒಂದು ಗಳಿಗೆ ಕಾದಳು. ಆಗಲಿಲ್ಲ.

ಬೇಸಗೆ ಇಳಿಯುವ ಹೊತ್ತಿಗೆ ಗಿಡದ ಬುಡದಿಂದ ಹಸಿರು ಚಿಗುರು ಎದ್ದಿತು. ಮೊದಲು ಒಂದು, ಆಮೇಲೆ ನಾಲ್ಕಾರು. ನೆಟ್ಟಗೆ, ಗಟ್ಟಿಯಾಗಿ, ಕೊಬ್ಬಿದ ಕರುವಿನಂತೆ. ಅತ್ತೆ ಅದನ್ನು ತೋರಿಸಲು ಸೊಸೆಯನ್ನು ಕೈಹಿಡಿದು ಎಳೆದು ತಂದಳು.

"ನೋಡೇ! ಸತ್ತೇ ಹೋಯ್ತು ಅಂದ್ಕೊಂಡಿದ್ದೆಯಲ್ಲ, ಹೆಂಗೆ ಬಂದಿದೆ ನೋಡು ಜೀವ!"

ಆಕೆಯ ಮುಖದಲ್ಲಿ ನಗು ಕಂಡದ್ದು ಇಲ್ಲಿಗೆ ಬಂದಮೇಲೆ ಅದೇ ಮೊದಲು. ಸೊಸೆ ಚಿಗುರನ್ನು ನೋಡಿದಳು, ಅದರ ಮೇಲೆ ಎಲೆಯುದುರಿ ಬೋಳಾಗಿ ನಿಂತ ಕರಿ ಕೊಂಬೆಗಳನ್ನು ನೋಡಿದಳು. ಒಂದರ ಬುಡದ ಬಳಿ ಮಾತ್ರ ಹಿಡಿಯಷ್ಟು ಎಲೆ ಉಳಿದಿತ್ತು. ಹಸಿರನ್ನು ಈಗ ಕಿತ್ತರೆ ಕರಿ ಗಿಡ ಇನ್ನೂ ಉಳಿದೀತು, ಇನ್ನೊಂದು ತಿಂಗಳು ಬಿಟ್ಟರೆ ಇಲ್ಲ. ಲೆಕ್ಕ ಅವಳಿಗೆ ಸ್ಪಷ್ಟವಾಗಿತ್ತು. ಅವಳು ತಲೆಯಾಡಿಸಿ ಒಳಗೆ ಹೋದಳು.

ಭಾನುವಾರ ಬೆಳಿಗ್ಗೆ ಅತ್ತೆ ಕುಡುಗೋಲು ಮಸೆಯುವ ಸದ್ದು ಕೇಳಿಸಿತು. ಸೊಸೆ ಟೀ ಲೋಟ ಹಿಡಿದು ಬಾಗಿಲಿಗೆ ಬಂದಳು.

"ಏನು ಮಾಡ್ತೀರಿ ಅತ್ತೆ?"

"ಈ ಮೇಲಿನ ಒಣಕಲು ತೆಗೆದುಬಿಡ್ತೀನಿ. ಅದಕ್ಕೆ ಯಾಕೆ ಸುಮ್ನೆ ನೀರು ದಂಡ? ಬಲವೆಲ್ಲ ಹಸಿರಿಗೆ ಹೋಗ್ಲಿ."

ಆಕೆ ಎಡಗೈಯಲ್ಲಿ ಕರಿ ಕೊಂಬೆಗಳನ್ನು ಒಟ್ಟಾಗಿ ಹಿಡಿದು ಬಾಗಿಸಿದಳು. ಉಳಿದಿದ್ದ ಹಿಡಿ ಎಲೆ ನೆಲಕ್ಕೆ ತಾಗಿತು. ಬಲಗೈ ಹಿಂದೆ ಹೋಯಿತು.

"ಅದು ಕಸಿ ಗಿಡ," ಎಂದಳು ಸೊಸೆ.

ಕುಡುಗೋಲು ನಿಂತಿತು.

"ಏನಂದೆ?"

"ಕಸಿ. ಎಲೆ ಇರೋದೇ ಕಪ್ಪು. ಹಸಿರು ಬೇರೆ ಗಿಡದ್ದು."

ಅತ್ತೆ ಕುಡುಗೋಲು ಕೆಳಗಿಟ್ಟು, ತಾನೇ ಏರಿಸಿ ತಟ್ಟಿದ್ದ ಮಣ್ಣನ್ನು ಎರಡೂ ಕೈಯಿಂದ ಬಗೆದಳು. ಮಣ್ಣು ಒದ್ದೆಯಾಗಿ ನಾರುತ್ತಿತ್ತು. ಗಂಟು ಸಿಕ್ಕಿತು. ಅದರ ಸುತ್ತ ಹೆಬ್ಬೆರಳು ಆಡಿಸಿದಳು. ಹೂವಿನ ಗಿಡಕ್ಕೂ ಕಸಿ ಕಟ್ಟುತ್ತಾರೆ ಎಂದು ಆಕೆಗೆ ಹೊಳೆದಿರಲಿಲ್ಲ, ಆದರೆ ಮಾವಿಗೆ ಕಸಿ ಕಟ್ಟಿದ ಕೈ ಅದು. ಬೆರಳಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಹಸಿರು ಚಿಗುರುಗಳೆಲ್ಲ ಗಂಟಿನ ಕೆಳಗಿನವು, ಒಂದೂ ಮೇಲಿನದಲ್ಲ. ಗಂಟಿನ ಒಂದು ಪಕ್ಕ ಮೆತ್ತಗಾಗಿತ್ತು.

"ನಿನಗೆ ಗೊತ್ತಿತ್ತಾ?"

"ಹ್ಞೂಂ."

"ಯಾವಾಗಿಂದ?"

"ನೆಟ್ಟಾಗಿಂದ. ಅವರೇ ಹೇಳಿದ್ರು."

"ಮತ್ತೆ ನಾನು ಹೆಕ್ಕಿ ಹೆಕ್ಕಿ ಕೀಳ್ತಾ ಇದ್ದಾಗ ನಿನ್ನ ಬಾಯಿಗೆ ಏನು ಕಡುಬು ತುರುಕಿತ್ತಾ?"

ಸೊಸೆಯ ಕೈಯಲ್ಲಿದ್ದ ಟೀ ಲೋಟ ಬಿಸಿಯಾಗಿತ್ತು, ಬೆರಳು ಸುಡುತ್ತಿತ್ತು, ಅದು ಈಗ ತಿಳಿಯಿತು. ಲೋಟವನ್ನು ಮೆಟ್ಟಿಲ ಮೇಲಿಟ್ಟಳು.

"ನೀವು ಏನೋ ಒಂದು ಮಾಡ್ತಾ ಇದ್ರಿ ಅತ್ತೆ. ನಾನು ಏನೂ ಮಾಡ್ತಾ ಇರ್ಲಿಲ್ಲ. ಏನಂತ ಹೇಳೋದು?"

ಅತ್ತೆ ಮಣ್ಣಿನ ಕೈಯಲ್ಲೇ ಮೂಗು ಒರೆಸಿಕೊಂಡಳು. ರೇಡಿಯೋ ಎದುರಿನ ಗೇಟಿಗೆ ಬಂದು ನಿಂತಳು. ಇವರ ಮುಖ ನೋಡಿ, ಏನೋ ಮರೆತವಳಂತೆ ಒಳಗೆ ಹೋದಳು.

"ಬಾ, ಹಿಡ್ಕೋ," ಎಂದಳು ಅತ್ತೆ. "ಬುಡ ಅಲ್ಲಾಡದ ಹಾಗೆ ಹಿಡಿ. ಇದನ್ನ ಕತ್ತರಿಸಬಾರದು, ಕತ್ತರಿಸಿದ್ರೆ ಒಂದಕ್ಕೆ ನಾಲ್ಕಾಗುತ್ತೆ. ಸಿಗಿದು ತೆಗೀಬೇಕು."

ಸೊಸೆ ಮಂಡಿಯೂರಿ ಕೂತು ಗಂಟನ್ನು ಎರಡು ಕೈಯಲ್ಲಿ ಹಿಡಿದಳು. ಅತ್ತೆ ಹಸಿರು ಚಿಗುರನ್ನು ಬುಡದಲ್ಲಿ ಹಿಡಿದು ಕೆಳಕ್ಕೆ ಸಿಗಿದಳು. ಒಂದೊಂದು ಬರುವಾಗಲೂ ಬಟ್ಟೆ ಹರಿದಂತೆ ಸದ್ದಾಯಿತು. ಅಷ್ಟು ಸೊಂಪಾಗಿ ಬೆಳೆದ ಚಿಗುರು. ಆಕೆ ಅದನ್ನು ಎಸೆಯದೆ ಮೆಲ್ಲಗೆ ಪಕ್ಕಕ್ಕೆ ಮಲಗಿಸುತ್ತ ಹೋದಳು.

ಆಮೇಲೆ ಉಗುರಿನಿಂದ ಕರಿ ಕೊಂಬೆಯ ಸಿಪ್ಪೆ ಕೆರೆದು ನೋಡಿದಳು. ತುದಿಯಲ್ಲಿ ಕಂದು. ಅದರ ಕೆಳಗೂ ಕಂದು. ಎಲೆ ಉಳಿದಿದ್ದ ಕೊಂಬೆಯಲ್ಲಿ, ಗಂಟಿನಿಂದ ಒಂದು ಗೇಣು ಮೇಲೆ, ಸಿಪ್ಪೆಯಡಿ ಒದ್ದೆ ಹಸಿ ಕಂಡಿತು.

"ಇಷ್ಟರಲ್ಲಿದೆ ಜೀವ."

"ಹೂ ಬಿಡುತ್ತಾ?"

"ಬರೋ ವರ್ಷ ಇಲ್ಲ. ಹಳೇ ಕೊಂಬೆ ಎಲ್ಲಿದೆ ಹೂ ಬಿಡೋಕೆ? ಆಚೆ ವರ್ಷ, ಅದೂ ಇದು ಉಳಿದ್ರೆ." ಸ್ವಲ್ಪ ತಡೆದು ಹೇಳಿದಳು: "ನನ್ನ ಕೈಯಿಂದ ಹೀಗಾಯ್ತು. ನಿನ್ನ ಬಾಯಿಂದಲೂ ಆಯ್ತು. ಅರ್ಧರ್ಧ."

"ಹ್ಞೂಂ."

"ಹ್ಞೂಂ ಅನ್ಬೇಡ. ಈ ಮನೇಲಿ ನಾನು ಕಣ್ಣಿಲ್ಲದವಳ ಹಾಗೆ ಓಡಾಡ್ತಾ ಇದೀನಿ. ಇನ್ನೂ ಏನೇನು ಕಿತ್ತಿದೀನೋ ಹೇಳು. ಬೈದಾದ್ರೂ ಹೇಳು."

ಸೊಸೆ ಗಂಟಿಗೆ ಅಂಟಿದ್ದ ಮಣ್ಣನ್ನು ಹೆಬ್ಬೆರಳಿಂದ ಒರೆಸಿದಳು. ಹೇಳಲು ಏನೂ ಇಲ್ಲ ಎಂದುಕೊಂಡಿದ್ದಳು.

"ಸಕ್ಕರೆ ಡಬ್ಬಿ ಮೇಲಿನ ಹಲಗೇಲಿ ಇರ್ತಿತ್ತು," ಎಂದಳು.

"ನಿನಗೆ ಎಟುಕಲ್ಲ ಅಂತ ಕೆಳಗಿಟ್ಟೆ."

"ಎಟುಕ್ತಿರ್ಲಿಲ್ಲ. ಅವರೇ ತೆಗೆದುಕೊಡ್ತಿದ್ರು."

ಅತ್ತೆ ಕುಡುಗೋಲಿನಿಂದ ಆ ಕೊಂಬೆಯನ್ನು ಹಸಿ ಕಂಡಲ್ಲಿಗಿಂತ ಬೆರಳಷ್ಟು ಮೇಲಕ್ಕೆ ಕತ್ತರಿಸಿದಳು. ಒಣಗಿದ್ದ ಉಳಿದ ಕೊಂಬೆಗಳನ್ನೂ ತೆಗೆದಳು. ಗಂಟಿನ ಮೆತ್ತಗಾದ ಪಕ್ಕಕ್ಕೆ ಗಾಳಿ ಆಡಲೆಂದು ಮಣ್ಣನ್ನು ಇನ್ನಷ್ಟು ಸರಿಸಿದಳು.

"ಇನ್ನೇನು?"

"ಅವರ ಕಡೆ ದಿಂಬು ಎತ್ತಿಟ್ರಿ."

"ಹ್ಞಾಂ. ಇನ್ನೇನು?"

ಸೊಸೆ ಒಂದು ಕೈ ಗಂಟಿನಿಂದ ತೆಗೆದು ಮುಖ ಒರೆಸಿಕೊಂಡಳು. ಅತ್ತೆ ಅದನ್ನು ಕಂಡೂ ಕಾಣದಂತೆ, "ಗಿಡ ಬಿಡಬೇಡ, ಗಟ್ಟಿಯಾಗಿ ಹಿಡಿ, ಹೇಳ್ತಾ ಹೋಗು," ಎಂದು ಮಣ್ಣು ತೋಡುತ್ತಲೇ ಇದ್ದಳು.