ವಾಸಿಯಾದ ಗಿಡ

ಹೂಮಾಲೆ ಇಡಲು ಬಗ್ಗಿದ ಲ್ಯಾಬಿನ ಗೆಳತಿ ಅರ್ಧಕ್ಕೇ ನಿಂತಳು. ಶವದ ತಲೆಯ ಬಳಿ ಇಟ್ಟಿದ್ದ ಕುಂಡದ ತುಂಬ ನಸುಗೆಂಪು ಹೂ.

“ಇದು... ನಮ್ಮ ಗಿಡ ಅಲ್ವಾ?”

“ಅದೇ ಕಣಮ್ಮ,” ಎಂದರು ಸತ್ತವಳ ಗಂಡ. ಫ್ಯಾನು, ಪಂಪು ರಿಪೇರಿ ಮಾಡಿ ಬದುಕಿದವರು. ಕೆಟ್ಟದ್ದನ್ನು ಕೆಟ್ಟ ಹಾಗೇ ಬಿಟ್ಟು ಗೊತ್ತಿಲ್ಲ. “ಇವಳು ಆಸ್ಪತ್ರೇಲಿದ್ದಾಗ ಮನೇಲಿ ಉಳಿದಿದ್ದ ಆ್ಯಂಟಿಬಯಾಟಿಕ್ ಮಾತ್ರೆ ನೀರಲ್ಲಿ ಕದಡಿ ಹಾಕ್ತಾ ಬಂದೆ. ಹಸಿರು ಹೂವೇ ಬಿಡ್ತಿತ್ತಲ್ಲ ದರಿದ್ರದ್ದು, ಈಗ ನೋಡು! ಅಷ್ಟೊಂದು ಓದಿದೋರು, ಒಂದು ಗಿಡ ವಾಸಿ ಮಾಡೋಕಾಗ್ಲಿಲ್ಲ ನಿಮಗೆ.”

ಗೆಳತಿಯ ಮುಖ ಕೆಂಪೇರಿತು. ಅವಳು ಬಾಯಿ ತೆರೆಯುವಷ್ಟರಲ್ಲಿ ಸತ್ತವಳ ಮಗಳು ರಟ್ಟೆ ಹಿಡಿದು ಅಡುಗೆಮನೆಗೆ ಎಳೆದೊಯ್ದಳು.

*

ಆ ಗಿಡದೊಳಗಿದ್ದ ರೋಗಾಣು ಬ್ಯಾಕ್ಟೀರಿಯಾದ ಬಡ ನೆಂಟ. ಮೈಗೆ ಗೋಡೆಯಿಲ್ಲ. ಗಾಜಿನ ತಟ್ಟೆಯಲ್ಲಿ ಬೆಳೆಸಹೋದರೆ ಬೆಳೆಯುವುದಿಲ್ಲ; ಗಿಡದ ರಸದಲ್ಲಷ್ಟೇ ಬದುಕಿ, ಹೂವನ್ನು ಎಲೆಯಾಗಿಸುತ್ತದೆ. ಅದರ ಡಿಎನ್‌ಎ ಓದಬೇಕೆಂದರೆ ರೋಗಿ ಗಿಡವನ್ನು ಸಾಯದಂತೆ, ವಾಸಿಯೂ ಆಗದಂತೆ ಸಾಕಬೇಕು. ಹಳೆಯ ಗಿಡದ ಕುಡಿಯನ್ನು ಹೊಸ ಗಿಡಕ್ಕೆ ಕಸಿ ಕಟ್ಟುತ್ತ ಸತ್ತವಳು ಅದನ್ನು ವರ್ಷಗಟ್ಟಲೆ ಸಾಕಿದ್ದಳು.

ಕಾರು ನಿಲ್ಲಿಸಲು ಜಾಗ ಬೇಕೆಂದು ಗಿಡಗಳಿದ್ದ ಗಾಜುಮನೆ ಕೆಡವಿಸಿದ ಸಂಸ್ಥೆಯ ನಿರ್ದೇಶಕರ ಬಾಗಿಲಿಗೆ ಒದ್ದು, ಉಳಿದ ಒಂದೇ ಕುಂಡವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಮನೆಗೆ ತಂದಳು. ಡಿಎನ್‌ಎ ಓದು ಆಗಿನ್ನೂ ಅರ್ಧದಲ್ಲಿತ್ತು.

*

“ಬಿಡು ನನ್ನ. ಇಷ್ಟು ವರ್ಷದ ಕೆಲಸ ಕೊಂದ್ಬಿಟ್ರು ನಿಮ್ಮಪ್ಪ! ಅವರಿಗದು ಗೊತ್ತಾಗ್ಬೇಕು.”

“ಮೆಲ್ಲಗೆ ಆಂಟಿ. ಅಮ್ಮಂಗೆ ಗೊತ್ತಿತ್ತು.”

“ಏನು?”

“ಅಪ್ಪ ಒಂದು ಹೂ ಕಿತ್ಕೊಂಡು ಹೋಗಿ ತೋರಿಸಿದ್ರು. ಅಮ್ಮ ಗೋಡೆ ಕಡೆ ತಿರುಗಿದ್ಲು. ಆಮೇಲೆ ‘ಚೆನ್ನಾಗಿದೆ ರೀ’ ಅಂದ್ಲು. ಅಪ್ಪ ಆಚೆ ಹೋದ್ಮೇಲೆ ಉಗುರು ನಾಟೋ ಹಾಗೆ ನನ್ನ ಕೈ ಹಿಡ್ಕೊಂಡು, ‘ಅವರಿಗೇನಾದ್ರೂ ಹೇಳಿದ್ರೆ ನೋಡು’ ಅಂದ್ಲು.”

“ನಿರ್ದೇಶಕರ ಬಾಗಿಲಿಗೆ ಒದ್ದವಳು ಗಂಡನ ಮುಂದೆ ಬಾಯಿಗೆ ಬೀಗ ಹಾಕ್ಕೊಂಡ್ಲಾ? ಅವಳಪ್ಪನ ಮನೆ ಸ್ವತ್ತಾ ಅದು? ನಾನೂ ಜೊತೇಲಿ ಸವೆದಿಲ್ವಾ? ಒಂದು ಫೋನ್ ಮಾಡಿದ್ರೆ ಓಡಿ ಬಂದು ಒಂದು ಕುಡಿಯಾದ್ರೂ ಉಳಿಸ್ಕೊಳ್ತಿದ್ದೆ!”

“ಬೈಯೋದಾದ್ರೆ ಅವಳಿಗೇ ಬೈಯಿರಿ. ಅಲ್ಲೇ ಮಲಗಿದ್ದಾಳೆ.”

ಹೊರಗೆ ವಾಹನ ಬಂದು ನಿಂತಿತು. ಜನ ಶವವನ್ನು ಎತ್ತಿದರು. ಗೆಳತಿ ಅಡುಗೆಮನೆಯಿಂದ ಬಂದು, ಖಾಲಿಯಾದ ನೆಲದ ಮೇಲೆ ಕುಕ್ಕರಿಸಿ, ಕುಂಡವನ್ನು ಹತ್ತಿರಕ್ಕೆ ಎಳೆದುಕೊಂಡಳು. ಎಲೆ ಸರಿಸಿದಳು, ಅಡ್ಡ ಬಂದ ಹೂಗಳನ್ನು ಚಿವುಟಿ ಎಸೆದಳು, ರೋಗದ ಒಂದೇ ಒಂದು ಕುಡಿಗಾಗಿ ಬುಡದವರೆಗೂ ತಡಕಿದಳು.

ಬಾಗಿಲವರೆಗೆ ಹೋಗಿದ್ದ ಗಂಡ ತಿರುಗಿ ನೋಡಿದರು. ಬಂದು ಎದುರಿಗೆ ಮಂಡಿಯೂರಿ, ಅಲ್ಲಾಡುತ್ತಿದ್ದ ಕುಂಡವನ್ನು ಎರಡೂ ಕೈಯಲ್ಲಿ ಭದ್ರವಾಗಿ ಹಿಡಿದರು.

“ಅವಳ ಮೇಲೆ ಹೂ ಹಾಕೋಕಾ? ನಿಧಾನ ಕಣಮ್ಮ,” ಎಂದರು. “ಚೆನ್ನಾಗಿರೋದನ್ನೇ ಆರಿಸ್ಕೋ.”